ಪಾಲಿಹೌಸ್ ವಾಸನೆಗೆ ಮೆಷಿನ್ ತರುವ ಮುಂಚೆ ಇದನ್ನೊಮ್ಮೆ ಓದಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸುತ್ತಮುತ್ತ ಪಾಲಿಹೌಸ್ ಇಟ್ಟುಕೊಂಡವರಿಗೆ ಈ ತಾಪತ್ರಯ ಹೊಸದೇನಲ್ಲ. ಕಟ್ಟಿಸಿದಾಗ ಸುತ್ತ ರಾಗಿ ಹೊಲ ಇತ್ತು, ಈಗ ಬೇಲಿ ಪಕ್ಕದಲ್ಲೇ ಲೇಔಟ್ ಬಂದಿದೆ. ಕೋಳಿ ಗೊಬ್ಬರ ಇಳಿಸಿದ ದಿನ, ಗುಲಾಬಿಗೆ ಗಂಧಕ ಕೊಟ್ಟ ಮರುದಿನ, ಜೀವಾಮೃತದ ಡ್ರಮ್ಮಿನ ಮುಚ್ಚಳ ತೆಗೆದ ಹೊತ್ತಿಗೆ ಪಕ್ಕದವರ ಫೋನು ಬರುತ್ತದೆ. ಆಗ ಮೊಬೈಲ್ ತೆಗೆದು ಹುಡುಕಿದರೆ ಓಜೋನ್ ಜನರೇಟರ್, ಅಯೋನೈಸರ್, ಯುವಿ ಪ್ಯೂರಿಫೈಯರ್ ಅಂತ ಸಾಲು ಸಾಲು ಡಬ್ಬಗಳು ಕಾಣುತ್ತವೆ. ಪ್ಲಗ್ ಚುಚ್ಚಿದರೆ ಸಾಕು, ವಾಸನೆ ಮಾಯ ಅಂತ ಬರೆದಿರುತ್ತದೆ.

ದಯವಿಟ್ಟು ಸ್ವಲ್ಪ ತಡೆಯಿರಿ. ಆ ಡಬ್ಬಗಳಲ್ಲಿ ಕೆಲವು ಗಿಡದ ಎಲೆ ಸುಡುತ್ತವೆ, ಒಳಗೆ ಹೂ ಕೊಯ್ಯುವ ಹೆಂಗಸರ ಶ್ವಾಸಕೋಶಕ್ಕೂ ಪೆಟ್ಟು ಕೊಡುತ್ತವೆ. ಯಾವ ಮೆಷಿನ್ ನೋಡಿದರೂ ಮೊದಲು ಒಂದೇ ಪ್ರಶ್ನೆ ಕೇಳಿ: ಇದು ಗಾಳಿಯಲ್ಲಿರುವ ವಾಸನೆಯನ್ನು ಹಿಡಿದು ತನ್ನೊಳಗೆ ಇಟ್ಟುಕೊಳ್ಳುತ್ತದಾ, ಇಲ್ಲಾ ಗಾಳಿಗೆ ಇನ್ನೇನನ್ನೋ ಬಿಡುತ್ತದಾ? ಬಿಡುವಂಥದ್ದಾದರೆ ಜನ, ಗಿಡ ಇರುವ ಕಡೆ ಅದು ಬೇಡವೇ ಬೇಡ.

ಮೊದಲು ಯಾವ ವಾಸನೆ ಅಂತ ಗುರುತಿಸಿ

ಎಲ್ಲ ವಾಸನೆಗೂ ಒಂದೇ ಮದ್ದಿಲ್ಲ. ಬಹಳ ಸಲ ಮೆಷಿನ್ನೇ ಬೇಕಾಗುವುದಿಲ್ಲ, ವಾಸನೆ ಹುಟ್ಟುವ ಜಾಗ ಸರಿಪಡಿಸಿದರೆ ಮುಗಿಯಿತು.

ಕಣ್ಣು ಉರಿಸುವ, ಮೂಗಿಗೆ ಅಡರುವ ಘಾಟು ಅಂದರೆ ಅಮೋನಿಯಾ. ಕೋಳಿ ಗೊಬ್ಬರ, ಗಂಜಲ, ಪೂರ್ತಿ ಕಳಿಯದ ಕೊಟ್ಟಿಗೆ ಗೊಬ್ಬರದಿಂದ ಬರುತ್ತದೆ. ಮುಚ್ಚಿದ ಪಾಲಿಹೌಸ್‌ನಲ್ಲಿ ಇದು ಜಾಸ್ತಿಯಾದರೆ ಎಲೆಯ ಅಂಚು ಸುಟ್ಟಂತೆ ಕಾಣುತ್ತದೆ. ಅಂದರೆ ಪಕ್ಕದವರು ದೂರು ಕೊಡದಿದ್ದರೂ ಇದನ್ನು ಸರಿಮಾಡಲೇಬೇಕು. ಗೊಬ್ಬರವನ್ನು ಹೊರಗೇ ಕಳಿಯಲು ಬಿಡಿ. ಒಣ ಎಲೆ, ಭತ್ತದ ಹೊಟ್ಟು, ತೆಂಗಿನ ನಾರಿನ ಪುಡಿ ಹೀಗೆ ಇಂಗಾಲ ಜಾಸ್ತಿ ಇರುವುದನ್ನು ಬೆರೆಸಿ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಘಾಟು ತುಂಬಾ ಇಳಿಯುತ್ತದೆ. ಮಳೆ ನೀರು ಬೀಳದಂತೆ ಮೇಲೆ ಹೊದಿಸಿ.

ಕೊಳೆತ ಮೊಟ್ಟೆಯ ನಾತ ಬಂದರೆ ಹೆಚ್ಚು ಹುಷಾರಾಗಿರಿ. ಅದು ಹೈಡ್ರೋಜನ್ ಸಲ್ಫೈಡ್. ಗಾಳಿಯಾಡದೆ ಕೊಳೆಯುವ ಕಡೆ ಹುಟ್ಟುತ್ತದೆ: ಮುಚ್ಚಿಟ್ಟ ಸ್ಲರಿ ಗುಂಡಿ, ಕಟ್ಟಿಕೊಂಡ ಚರಂಡಿ, ವಾರಗಟ್ಟಲೆ ಕಲಕದ ಡ್ರಮ್ಮು. ಈ ಅನಿಲ ಗಾಳಿಗಿಂತ ಭಾರ, ಹಾಗಾಗಿ ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ತೀರಾ ಕಡಿಮೆ ಇದ್ದಾಗ ಮೂಗಿಗೆ ಚೆನ್ನಾಗಿ ಗೊತ್ತಾಗುತ್ತದೆ, ಆದರೆ 100 ಪಿಪಿಎಂ ಹತ್ತಿರ ಹೋದಾಗ ಮೂಗೇ ಮರಗಟ್ಟಿ ವಾಸನೆ ತಿಳಿಯುವುದು ನಿಂತುಹೋಗುತ್ತದೆ. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಅಂತ. ಅಷ್ಟು ಹೊತ್ತಿಗೆ ಜೀವಕ್ಕೇ ಅಪಾಯದ ಮಟ್ಟ ಮುಟ್ಟಿರುತ್ತದೆ. ವಾಸನೆ ಹೋಯಿತು ಅಂದುಕೊಂಡು ಗುಂಡಿಗೆ ಇಳಿದವರು ಮೇಲೆ ಬರದೇ ಹೋದ ಕಥೆ ನಮ್ಮಲ್ಲಿ ಎಷ್ಟಿಲ್ಲ? ಸ್ಲರಿ ಗುಂಡಿಗೆ ಯಾರನ್ನೂ ಇಳಿಸಬೇಡಿ. ಒಬ್ಬರು ಕುಸಿದರೆ ಎತ್ತಲು ಇನ್ನೊಬ್ಬರು ಹಾರಬೇಡಿ, ಸಾಮಾನ್ಯವಾಗಿ ಎರಡನೇ ಜೀವ ಹೋಗುವುದು ಹಾಗೆಯೇ. ಪಂಪು ಹಾಕಿ ಖಾಲಿ ಮಾಡಿಸಿ. ಜೀವಾಮೃತದ ಡ್ರಮ್ಮನ್ನು ನೆರಳಿನಲ್ಲಿ, ಪಾಲಿಹೌಸ್‌ನಿಂದ ಹೊರಗೆ ಇಟ್ಟು, ಗೋಣಿಚೀಲ ಹೊದಿಸಿ, ದಿನಕ್ಕೆರಡು ಸಲ ಕಲಕುತ್ತಿದ್ದರೆ ಈ ನಾತ ಬರುವುದೇ ಅಪರೂಪ.

ಮೂರನೆಯದು ಗಂಧಕ. ಬೂದಿ ರೋಗಕ್ಕೆ ರಾತ್ರಿ ಹೊತ್ತು ಗಂಧಕ ಕಾಯಿಸಿ ಆವಿ ಬಿಡುವ ಪದ್ಧತಿ ಗುಲಾಬಿ ಮನೆಗಳಲ್ಲಿದೆ. ಗಂಧಕ ಸುಮಾರು 115 ಡಿಗ್ರಿಗೆ ಕರಗುತ್ತದೆ. 230 ಡಿಗ್ರಿ ದಾಟಿದರೆ ತಾನೇ ಹೊತ್ತಿಕೊಂಡು ನೀಲಿ ಜ್ವಾಲೆಯಲ್ಲಿ ಉರಿಯುತ್ತದೆ. ಉರಿದಾಗ ಬರುವುದು ಸಲ್ಫರ್ ಡೈಆಕ್ಸೈಡ್, ಅದು ಎಲೆಯನ್ನೂ ಸುಡುತ್ತದೆ, ಗಂಟಲನ್ನೂ ಸುಡುತ್ತದೆ. ತಾಪ ನಿಯಂತ್ರಣ ಇಲ್ಲದ, ಮನೆಯಲ್ಲೇ ಜೋಡಿಸಿದ ಹೀಟರ್ ಬಳಸಬೇಡಿ. ಇಲ್ಲಿ ಪ್ಯೂರಿಫೈಯರ್ ಕೆಲಸಕ್ಕೆ ಬರುವುದಿಲ್ಲ. ಒಳಗೆ ಯಾರೂ ಇಲ್ಲದಾಗ ಮಾತ್ರ ಹಾಕಿ, ಬೆಳಗ್ಗೆ ಸೈಡ್ ಕರ್ಟನ್ ಎತ್ತಿ ಗಾಳಿ ಆಡಿದ ಮೇಲೆ ಕೆಲಸದವರನ್ನು ಬಿಡಿ.

ಔಷಧಿ ಸಿಂಪಡಿಸಿದ ವಾಸನೆಯನ್ನು ಈ ಲೆಕ್ಕಕ್ಕೇ ತರಬೇಡಿ. ಲೇಬಲ್ ಮೇಲೆ ಎಷ್ಟು ಹೊತ್ತು ಒಳಗೆ ಹೋಗಬಾರದು ಅಂತ ಇರುತ್ತದೋ ಅಷ್ಟು ಹೊತ್ತು ಹೋಗಬಾರದು. ಮೆಷಿನ್ ಹಾಕಿ ವಾಸನೆ ತೆಗೆದರೂ ಎಲೆ ಮೇಲಿನ ಔಷಧಿ ಅಲ್ಲೇ ಇರುತ್ತದೆ.

ಓಜೋನ್ ಯಾಕೆ ಬೇಡ

ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ಮಾರುಕಟ್ಟೆಯಲ್ಲಿ ಅತಿ ಅಗ್ಗಕ್ಕೆ ಸಿಗುವುದು, ಅತಿ ಜೋರಾಗಿ ಮಾರುವುದು ಇದನ್ನೇ. ಓಜೋನ್ ಅಂದರೆ ಮೂರು ಆಮ್ಲಜನಕದ ಪರಮಾಣು ಸೇರಿದ ಅನಿಲ. ಸಿಡಿಲು ಹೊಡೆದ ಮೇಲೆ ಬರುವ ಚುರುಕು ವಾಸನೆ ಇದರದ್ದೇ. ಮೇಲೆ ಆಕಾಶದಲ್ಲಿದ್ದರೆ ನಮ್ಮನ್ನು ಕಾಯುತ್ತದೆ, ಮೂಗಿನ ಮಟ್ಟದಲ್ಲಿದ್ದರೆ ವಿಷ.

ಅಮೆರಿಕದಲ್ಲಿ ಕೆಲಸದ ಜಾಗಕ್ಕೆ ಇರುವ ಮಿತಿ ಎಂಟು ಗಂಟೆಗೆ ಸರಾಸರಿ 0.1 ಪಿಪಿಎಂ. 5 ಪಿಪಿಎಂ ಆದರೆ ತಕ್ಷಣವೇ ಜೀವಕ್ಕೆ ಅಪಾಯ ಅಂತ ಲೆಕ್ಕ. ನಮ್ಮ ದೇಶದಲ್ಲಿ 2009ರಲ್ಲಿ ಬಂದ ಹೊರಗಿನ ಗಾಳಿಯ ಮಾನದಂಡ ಇನ್ನೂ ಬಿಗಿ: ಎಂಟು ಗಂಟೆಗೆ ಘನ ಮೀಟರಿಗೆ 100 ಮೈಕ್ರೋಗ್ರಾಂ, ಅಂದರೆ ಸುಮಾರು 0.05 ಪಿಪಿಎಂ. ಕ್ಯಾಲಿಫೋರ್ನಿಯಾದಲ್ಲಿ ಮನೆಯೊಳಗೆ ಬಳಸುವ ಪ್ಯೂರಿಫೈಯರ್ 0.050 ಪಿಪಿಎಂಗಿಂತ ಜಾಸ್ತಿ ಓಜೋನ್ ಬಿಟ್ಟರೆ 2010ರಿಂದ ಮಾರುವ ಹಾಗೇ ಇಲ್ಲ.

ಈಗ ಡಬ್ಬದ ಮೇಲಿನ ಅಂಕಿ ನೋಡಿ. ಗಂಟೆಗೆ 10 ಗ್ರಾಂ ಅಂತ ಹೆಮ್ಮೆಯಿಂದ ಬರೆದಿರುತ್ತಾರೆ. 4 ಮೀಟರ್ ಅಗಲ, 5 ಮೀಟರ್ ಉದ್ದ, 3 ಮೀಟರ್ ಎತ್ತರದ ಒಂದು ಸಸಿ ಕೋಣೆ ತಗೊಳ್ಳಿ, 60 ಘನ ಮೀಟರ್ ಗಾಳಿ. ಅಷ್ಟು ಗಾಳಿ 0.1 ಪಿಪಿಎಂ ಮುಟ್ಟಲು ಬೇಕಾದ ಓಜೋನ್ ಬರೀ 12 ಮಿಲಿಗ್ರಾಂ. ಆ ಮೆಷಿನ್ ಅಷ್ಟನ್ನು ಐದು ಸೆಕೆಂಡಿನೊಳಗೆ ಉಗುಳುತ್ತದೆ. 1000 ಚದರ ಮೀಟರ್‌ನ ದೊಡ್ಡ ಪಾಲಿಹೌಸ್ ಮುಚ್ಚಿದ್ದರೂ, ಸರಾಸರಿ 5 ಮೀಟರ್ ಎತ್ತರ ಹಿಡಿದರೆ, ಆರು ನಿಮಿಷ ಸಾಕು. ಒಂದಷ್ಟು ಓಜೋನ್ ಎಲೆಗೆ, ಶೀಟಿಗೆ ತಾಗಿ ಕಳೆದುಹೋಗುತ್ತದೆ, ನಿಜ. ಆದರೆ ಎಲೆಗೆ ತಾಗಿ ಕಳೆದುಹೋಗುವುದೇ ಅಲ್ವಾ ಎಲೆ ಹಾಳಾಗುವ ದಾರಿ?

ಓಜೋನ್ ಪತ್ರರಂಧ್ರದ ಮೂಲಕ ಒಳಗೆ ಹೋಗಿ ಜೀವಕೋಶದ ಪೊರೆಯನ್ನು ಸುಡುತ್ತದೆ. ಬಲಿತ ಎಲೆಗಳ ಮೇಲ್ಭಾಗದಲ್ಲಿ, ನರಗಳ ನಡುವೆ, ಸೂಜಿ ಚುಚ್ಚಿದಂಥ ಬಿಳಿ ಇಲ್ಲವೇ ಕಂದು ಚುಕ್ಕೆಗಳು ಬರುತ್ತವೆ. ಹುರುಳಿಕಾಯಿ, ಟೊಮೆಟೊ, ದ್ರಾಕ್ಷಿ, ಆಲೂಗಡ್ಡೆ, ಪಾಲಕ್ ಇವೆಲ್ಲ ಬೇಗ ಸೊರಗುವ ಬೆಳೆಗಳು. ತಂಬಾಕಿನ ಒಂದು ತಳಿಯಂತೂ ಎಷ್ಟು ಸೂಕ್ಷ್ಮ ಅಂದರೆ ಊರಿನ ಗಾಳಿಯಲ್ಲಿ ಓಜೋನ್ ಇದೆಯಾ ಅಂತ ತಿಳಿಯಲು ಅದನ್ನೇ ನೆಟ್ಟು ನೋಡುತ್ತಾರೆ. ಯುರೋಪಿನಲ್ಲಿ ಬೆಳೆ ನಷ್ಟದ ಲೆಕ್ಕ 0.04 ಪಿಪಿಎಂನಿಂದಲೇ ಶುರುವಾಗುತ್ತದೆ. ಮನುಷ್ಯರ ಮಿತಿಗಿಂತ ಕೆಳಗೇ ಗಿಡ ನರಳುತ್ತದೆ ಅಂತಾಯಿತು. ಈ ಚುಕ್ಕೆ ನೋಡಿ ಜೇಡ ನುಸಿ ಅಂದುಕೊಂಡು ಔಷಧಿ ಹೊಡೆಯುವವರೂ ಇದ್ದಾರೆ.

ಇನ್ನೊಂದು ಸಮಸ್ಯೆ ಕಣ್ಣಿಗೆ ಕಾಣುವುದಿಲ್ಲ. ಹೂವು, ಎಲೆಗಳ ಪರಿಮಳದಲ್ಲಿ ಟರ್ಪೀನ್ ಅನ್ನುವ ವಸ್ತುಗಳಿರುತ್ತವೆ. ಓಜೋನ್ ಅವುಗಳ ಜೊತೆ ಸೇರಿದರೆ ಫಾರ್ಮಾಲ್ಡಿಹೈಡ್ ಮತ್ತು ತೀರಾ ಸಣ್ಣ ಕಣಗಳು ಹುಟ್ಟುತ್ತವೆ. ವಾಸನೆ ಕಡಿಮೆಯಾದಂತೆ ಅನಿಸಿದರೂ ಉಸಿರಾಡುವ ಗಾಳಿ ಮೊದಲಿಗಿಂತ ಕೆಟ್ಟಿರುತ್ತದೆ. ಜೊತೆಗೆ ಓಜೋನ್‌ನಿಂದ ರಬ್ಬರು ಬಿರುಕು ಬಿಡುತ್ತದೆ, ಫ್ಯಾನ್ ಬೆಲ್ಟು, ಗ್ಯಾಸ್ಕೆಟ್‌ಗಳು ಬೇಗ ಹೋಗುತ್ತವೆ. ಎನ್95 ಮಾಸ್ಕ್ ಹಾಕಿಕೊಂಡರೆ ಆಗುವುದಿಲ್ಲವಾ ಅಂತ ಕೇಳಬಹುದು. ಆಗುವುದಿಲ್ಲ. ಅದು ಧೂಳು ತಡೆಯುತ್ತದೆ, ಅನಿಲ ತಡೆಯುವುದಿಲ್ಲ.

ಜನರಿಗೆ ತೊಂದರೆ ಆಗದಷ್ಟು ಕಡಿಮೆ ಓಜೋನ್ ಬಿಟ್ಟರೆ ಅದರಿಂದ ವಾಸನೆ ಹೋಗುವುದು ಅಷ್ಟಕ್ಕಷ್ಟೇ ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಕಡಿಮೆ ಬಿಟ್ಟರೆ ಉಪಯೋಗವಿಲ್ಲ, ಜಾಸ್ತಿ ಬಿಟ್ಟರೆ ಅಪಾಯ. ಹಾಗಿದ್ದ ಮೇಲೆ ಯಾಕೆ ತರಬೇಕು?

ಓಜೋನಿನ ನೆಂಟರು

ಅಯೋನೈಸರ್ ಅಂದರೆ ಗಾಳಿಯಲ್ಲಿರುವ ಕಣಗಳಿಗೆ ವಿದ್ಯುತ್ ಆವೇಶ ಕೊಡುವ ಮೆಷಿನ್. ಅದು ಹೆಚ್ಚಿನ ವೋಲ್ಟೇಜಿನಲ್ಲಿ ನಡೆಯುತ್ತದೆ, ಪಕ್ಕದಲ್ಲೇ ಓಜೋನೂ ಹುಟ್ಟುತ್ತದೆ. ಅದು ಕೂರಿಸುವುದು ಧೂಳನ್ನು, ವಾಸನೆಯನ್ನಲ್ಲ.

ಯುವಿ ದೀಪದಲ್ಲಿ ಎರಡು ಥರ. 254 ನ್ಯಾನೋಮೀಟರ್‌ನದ್ದು ಸೂಕ್ಷ್ಮಜೀವಿ ಕೊಲ್ಲುತ್ತದೆ, ಒಂಟಿಯಾಗಿ ವಾಸನೆಗೆ ಏನೂ ಮಾಡುವುದಿಲ್ಲ. 185 ನ್ಯಾನೋಮೀಟರ್ ಬೆಳಕನ್ನೂ ಬಿಡುವ ದೀಪ ಓಜೋನ್ ಮಾಡುತ್ತದೆ. ಎರಡೂ ಕಣ್ಣಿಗೆ ನೇರ ಬಿದ್ದರೆ ಕೆಲವು ಗಂಟೆಯ ನಂತರ ಕಣ್ಣಿನಲ್ಲಿ ಮರಳು ಹಾಕಿದಂಥ ಉರಿ ಶುರುವಾಗುತ್ತದೆ. ಎಲೆ, ಪಾಲಿಥೀನ್ ಶೀಟು, ಡ್ರಿಪ್ ಪೈಪು ಎಲ್ಲಕ್ಕೂ ಹಾನಿ. ಒಡೆದರೆ ಪಾದರಸ ಬೇರೆ. ಟೈಟಾನಿಯಂ ಡೈಆಕ್ಸೈಡ್ ಜಾಲರಿ ಜೊತೆ ಬರುವ ಯುವಿ ಮೆಷಿನ್‌ಗಳು ಗಾಳಿ ಬೇಗ ಹಾದುಹೋದಾಗ ವಾಸನೆಯ ವಸ್ತುವನ್ನು ಅರ್ಧ ಮಾತ್ರ ಮುರಿದು ಫಾರ್ಮಾಲ್ಡಿಹೈಡ್ ಬಿಡುವುದೂ ಉಂಟು.

ಕ್ಲೋರಿನ್ ಡೈಆಕ್ಸೈಡ್ ಪೊಟ್ಟಣ, ಪುಡಿ ತರಲೇಬೇಡಿ. ಕೆಲಸದ ಜಾಗದಲ್ಲಿ ಇದರ ಮಿತಿಯೂ 0.1 ಪಿಪಿಎಂ.

ಪರಿಮಳದ ಮಂಜು ಬಿಡುವ ಪದ್ಧತಿಯ ಬಗ್ಗೆ ಒಂದು ಮಾತು. ಕ್ಯಾಲಿಫೋರ್ನಿಯಾದ ಕಾರ್ಪಿಂಟೀರಿಯಾ ಕಣಿವೆಯಲ್ಲಿ ಹಿಂದೆ ಹೂ ಬೆಳೆಯುತ್ತಿದ್ದ ಗ್ರೀನ್‌ಹೌಸ್‌ಗಳಲ್ಲಿ ಕಾನೂನುಬದ್ಧವಾಗಿ ಗಾಂಜಾ ಬೆಳೆಯಲು ಶುರುವಾದಾಗ ಊರಿನವರಿಗೆ ವಾಸನೆ ತಡೆಯಲಾಗಲಿಲ್ಲ. ಬೆಳೆಗಾರರು ಮೊದಲು ಬೇಲಿ ಸುತ್ತ ಪೈಪು ಎಳೆದು ವಾಸನೆ ಅಡಗಿಸುವ ಆವಿ ಬಿಟ್ಟರು. ಆಮೇಲೆ ಅಲ್ಲಿನ ಜನ ಆ ಆವಿಯ ವಾಸನೆಯ ಬಗ್ಗೆಯೂ, ಅದನ್ನು ಉಸಿರಾಡುವುದರ ಬಗ್ಗೆಯೂ ತಕರಾರು ತೆಗೆದರು. ಕ್ರಮೇಣ ಒಳಗೇ ಇದ್ದಿಲಿನ ಫಿಲ್ಟರ್ ಇಡುವ ಕಡೆ ಒತ್ತು ಬಂತು. ದುಡ್ಡಿರುವವರು ಸುತ್ತು ಬಳಸಿ ಬಂದ ಜಾಗಕ್ಕೆ ನಾವು ನೇರವಾಗಿ ಹೋಗಬಹುದು.

ಇದ್ದಿಲಿನ ಫಿಲ್ಟರ್ ಸರಿಯಾಗಿ ಹಾಕುವುದು

ವಾಸನೆ ಹಿಡಿದಿಡುವ ಕೆಲಸಕ್ಕೆ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಒಳಗೆಲ್ಲ ಸಣ್ಣ ರಂಧ್ರ ಬರುವಂತೆ ತಯಾರಿಸಿದ ಇದ್ದಿಲೇ ಒಳ್ಳೆಯದು. ತೆಂಗಿನ ಕರಟದಿಂದ ಮಾಡಿದ್ದು ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಒಂದು ಗ್ರಾಮಿನ ಒಳಗಿನ ಸಣ್ಣ ಸಣ್ಣ ರಂಧ್ರಗಳ ಮೇಲ್ಮೈ ಸುಮಾರು 1000 ಚದರ ಮೀಟರ್. ಒಲೆಯ ಇದ್ದಿಲು ಈ ಕೆಲಸಕ್ಕೆ ಆಗುವುದಿಲ್ಲ.

ಆದರೆ ಇಡೀ ಪಾಲಿಹೌಸಿನ ಗಾಳಿಯನ್ನು ಶುದ್ಧ ಮಾಡುತ್ತೇನೆ ಅಂತ ಹೊರಡಬೇಡಿ. ಲೆಕ್ಕ ನೋಡಿ. ಫ್ಯಾನ್ ಮತ್ತು ಕೂಲಿಂಗ್ ಪ್ಯಾಡ್ ಇರುವ ಮನೆಯಲ್ಲಿ ನಿಮಿಷಕ್ಕೊಮ್ಮೆ ಪೂರ್ತಿ ಗಾಳಿ ಬದಲಾಗಬೇಕು. 5000 ಘನ ಮೀಟರ್ ಮನೆ ಅಂದರೆ ಸೆಕೆಂಡಿಗೆ 83 ಘನ ಮೀಟರ್. ಗಾಳಿ ಇದ್ದಿಲಿನ ಜೊತೆ 0.2 ಸೆಕೆಂಡ್ ಇರಬೇಕು ಅಂತ ಇಟ್ಟುಕೊಂಡರೂ 16 ಘನ ಮೀಟರ್‌ಗಿಂತ ಜಾಸ್ತಿ ಇದ್ದಿಲು ಬೇಕು, ತೂಕದಲ್ಲಿ ಎಂಟು ಟನ್ ಹತ್ತಿರ. ಇಷ್ಟು ಚಿಕ್ಕ ಡಬ್ಬ ಎಕರೆಗೆ ಸಾಕು ಅನ್ನುವ ಮಾರಾಟಗಾರರನ್ನು ಈ ಲೆಕ್ಕ ಕೇಳಿ.

ಹಾಗಾದರೆ ದಾರಿ? ವಾಸನೆ ಹುಟ್ಟುವ ಕೆಲಸವನ್ನೆಲ್ಲ ಒಂದು ಸಣ್ಣ ಕೋಣೆಗೆ ತನ್ನಿ, ಗೊಬ್ಬರ ನೆನೆಸುವುದು, ಮೀನು ಬೆಲ್ಲದ ದ್ರಾವಣ ಇಡುವುದು, ಸ್ಲರಿ ಸೋಸುವುದು ಎಲ್ಲ ಅಲ್ಲೇ. ಆ ಕೋಣೆಯ ಗಾಳಿಗೆ ಮಾತ್ರ ಫಿಲ್ಟರ್ ಹಾಕಿ. ಮೇಲೆ ಹೇಳಿದ 60 ಘನ ಮೀಟರ್ ಕೋಣೆಗೆ ಗಂಟೆಗೆ 15 ಸಲ ಗಾಳಿ ಬದಲಾದರೆ 900 ಘನ ಮೀಟರ್, ಸೆಕೆಂಡಿಗೆ ಕಾಲು ಘನ ಮೀಟರ್. ಅದಕ್ಕೆ 50 ಲೀಟರ್ ಇದ್ದಿಲು, ಸುಮಾರು 25 ಕಿಲೋ ಸಾಕು. ಇದು ಕೈಗೆಟುಕುವ ಮಾತು.

ಫಿಲ್ಟರ್ ಮೊದಲು ಬರಲಿ, ಬ್ಲೋವರ್ ಅದರ ಆಚೆ ಇರಲಿ. ಕೋಣೆಯಿಂದ ಗಾಳಿ ಎಳೆಯುವ ಹಾಗಿದ್ದರೆ ಬಾಗಿಲ ಸಂದಿನಿಂದ ಹೊರಗಿನ ಗಾಳಿ ಒಳಗೆ ಬರುತ್ತದೆಯೇ ಹೊರತು ನಾತ ಹೊರಗೆ ಸೋರುವುದಿಲ್ಲ. ಇದ್ದಿಲಿಗೆ ಮುಂಚೆ ಧೂಳು ತಡೆಯುವ ತೊಳೆಯಬಹುದಾದ ಪ್ಯಾಡ್ ಹಾಕಿ.

ತೇವ ಇದ್ದಿಲಿಗೆ ದೊಡ್ಡ ಶತ್ರು. ಗಾಳಿಯ ತೇವಾಂಶ 60, 70 ಶೇಕಡಾ ದಾಟಿದರೆ ನೀರೇ ರಂಧ್ರಗಳನ್ನು ತುಂಬಿಕೊಂಡು ವಾಸನೆಗೆ ಜಾಗ ಇರುವುದಿಲ್ಲ. ನೀರಿನ ಮಂಜು ಬಿಡುವ ಫಾಗರ್ ನಡೆಯುವ ಮನೆಯ ಒಳಗೆ ಇಟ್ಟರೆ ಅದು ಬೇಗ ಕೈಕೊಡುವುದು ಇದೇ ಕಾರಣಕ್ಕೆ. ಇನ್ನು ಅಮೋನಿಯಾವನ್ನು ಸಾದಾ ಇದ್ದಿಲು ಸರಿಯಾಗಿ ಹಿಡಿಯುವುದಿಲ್ಲ, ಫಾಸ್ಫಾರಿಕ್ ಆಮ್ಲ ಲೇಪಿಸಿದ್ದನ್ನು ಕೇಳಿ ತರಬೇಕು. ಕೊಳೆತ ಮೊಟ್ಟೆಯ ನಾತಕ್ಕೆ ಕಾಸ್ಟಿಕ್ ಲೇಪಿಸಿದ್ದು ಬರುತ್ತದೆ, ಆದರೆ ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳುವ ಸ್ವಭಾವದ್ದು. ಪ್ಲಾಸ್ಟಿಕ್ ಶೀಟು, ಶೇಡ್‌ನೆಟ್ ಪಕ್ಕ ಇಡಲೇಬಾರದು.

ಗೊಬ್ಬರದ ಕೋಣೆಗೆ ಇನ್ನೊಂದು ಅಗ್ಗದ ಉಪಾಯ ನನಗೆ ತುಂಬಾ ಇಷ್ಟ, ಅದು ಬಯೋಫಿಲ್ಟರ್. ಕೆಳಗೆ ತೂತು ಮಾಡಿದ ಪೈಪು, ಮೇಲೆ ಮರದ ಚಕ್ಕೆ, ತೆಂಗಿನ ಸಿಪ್ಪೆ, ಕಳಿತ ಕಾಂಪೋಸ್ಟ್ ಬೆರೆಸಿದ ಹಾಸು. ಕೋಣೆಯ ಗಾಳಿ ಅದರ ಮೂಲಕ ನಿಧಾನಕ್ಕೆ ಮೇಲೆ ಬರುತ್ತದೆ, ಹಾಸಿನಲ್ಲಿರುವ ಸೂಕ್ಷ್ಮಜೀವಿಗಳು ಅಮೋನಿಯಾ, ಸಲ್ಫೈಡ್ ಎರಡನ್ನೂ ತಿನ್ನುತ್ತವೆ. ಐದು ಸೆಕೆಂಡ್ ಸಂಪರ್ಕ ಅಂತ ಹಿಡಿದರೆ ನಮ್ಮ ಕೋಣೆಗೆ ಒಂದೂಕಾಲು ಘನ ಮೀಟರ್ ಹಾಸು. ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒದ್ದೆ ಇರಬೇಕು. ಒಣಗಿಸಿದರೆ ಸತ್ತಂತೆ.

ಗಾಳಿ, ಕರೆಂಟು, ಸೀರೆ ಸೆರಗು

ಈಗಾಗಲೇ ಇರುವ ದೊಡ್ಡ ಎಗ್ಜಾಸ್ಟ್ ಫ್ಯಾನ್ ಬಾಯಿಗೇ ಇದ್ದಿಲಿನ ಚೀಲ ಕಟ್ಟುವುದನ್ನು ಕೆಲವರು ಮಾಡುತ್ತಾರೆ. ಬೇಡ. ಆ ಫ್ಯಾನ್‌ಗಳನ್ನು ಸುಮಾರು 25 ಪಾಸ್ಕಲ್ ಒತ್ತಡಕ್ಕೆ ಮಾಡಿರುತ್ತಾರೆ, ಇದ್ದಿಲಿನ ಪದರ ದಾಟಿಸಲು ಅದರ ಹಲವು ಪಟ್ಟು ಬೇಕು. ಫ್ಯಾನ್ ತಿರುಗುತ್ತಿರುತ್ತದೆ, ಗಾಳಿ ಮಾತ್ರ ಹೋಗುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಗಾಳಿ ನಿಂತ ಪಾಲಿಹೌಸಿನೊಳಗೆ ಕೆಲಸ ಮಾಡುವವರಿಗೆ ತಲೆ ಸುತ್ತಿ ಬೀಳಲು ಹೆಚ್ಚು ಹೊತ್ತು ಬೇಡ. ಫಿಲ್ಟರಿಗೆ ಸೆಂಟ್ರಿಫ್ಯೂಗಲ್ ಬ್ಲೋವರ್ ಬೇರೆಯೇ ಇರಲಿ. ಕರೆಂಟ್ ಹೋದಾಗ ಕೈಯಿಂದ ಎತ್ತಬಹುದಾದ ಸೈಡ್ ಕರ್ಟನ್ ಯಾವತ್ತೂ ತಯಾರಿರಲಿ. ವಾಸನೆಗೆ ಹೆದರಿ ಅದನ್ನು ಕಟ್ಟಿಹಾಕಬೇಡಿ.

ಒದ್ದೆ ನೆಲ, ಕಬ್ಬಿಣದ ಕಂಬ, ಬರಿಗಾಲು. ಶಾಕ್ ಹೊಡೆಯಲು ಇನ್ನೇನು ಬೇಕು? ಈ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್ ಹಾಕಿಸಲೇಬೇಕು, ಲೋಡ್ ಜಾಸ್ತಿಯಾದಾಗ ಬೀಳುವ ಎಂಸಿಬಿ ಒಂದೇ ಇದ್ದರೆ ಮನುಷ್ಯರಿಗೆ ರಕ್ಷಣೆ ಇಲ್ಲ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಸ್ವಿಚ್ ಬಾಕ್ಸ್ ಧೂಳು, ನೀರು ಒಳಗೆ ಹೋಗದ ಐಪಿ65 ದರ್ಜೆಯದ್ದಿರಲಿ, ಅರ್ಥಿಂಗ್ ಸರಿಯಿರಲಿ. ನೆಲದ ಮೇಲೆ ಎಕ್ಸ್‌ಟೆನ್ಷನ್ ವೈರ್ ಎಳೆದು, ಟೇಪು ಸುತ್ತಿದ ಜಾಯಿಂಟು ಡ್ರಿಪ್ ಪೈಪಿನ ಪಕ್ಕ ಬಿದ್ದಿರುವುದನ್ನು ಎಷ್ಟು ಕಡೆ ನೋಡುತ್ತೇವೆ. ಬ್ಲೋವರ್, ಬೆಲ್ಟಿಗೆ ಎರಡೂ ಕಡೆ ಜಾಲರಿ ಹಾಕಿಸಿ, ಸೆರಗು, ವೇಲು, ಜಡೆ ಸಿಕ್ಕಿಕೊಳ್ಳದ ಹಾಗೆ.

ಇದ್ದಿಲು ಬದಲಿಸುವಾಗ

ಫಿಲ್ಟರ್ ದಾಟಿ ಬರುವ ಗಾಳಿಯಲ್ಲಿ ಮತ್ತೆ ವಾಸನೆ ಶುರುವಾದರೆ ಇದ್ದಿಲು ತುಂಬಿದೆ ಅಂತ ಅರ್ಥ. ಒಳಗೇ ಇರುವವರ ಮೂಗು ಒಗ್ಗಿಹೋಗಿರುತ್ತದೆ, ಹೊರಗಿನಿಂದ ಬಂದವರನ್ನು ನಿಲ್ಲಿಸಿ ಕೇಳಿ. ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಇದ್ದಿಲಿನ ಪುಡಿ ಶ್ವಾಸಕೋಶಕ್ಕೆ ಹೋಗಬಾರದು, ಇಲ್ಲಿ ಎನ್95 ಮಾಸ್ಕ್ ನಿಜಕ್ಕೂ ಬೇಕು, ಕನ್ನಡಕವೂ ಬೇಕು. ಹತ್ತಿರದಲ್ಲಿ ಬೀಡಿ, ಗಂಧಕದ ಹೀಟರ್, ವೆಲ್ಡಿಂಗ್ ಇರಬಾರದು.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಅಪಾಯ ಇದೆ. ಒದ್ದೆಯಾದ ಆಕ್ಟಿವೇಟೆಡ್ ಕಾರ್ಬನ್ ಸುತ್ತಲಿನ ಗಾಳಿಯಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಮುಚ್ಚಿದ ದೊಡ್ಡ ಟ್ಯಾಂಕಿನಲ್ಲಿ ಒದ್ದೆ ಇದ್ದಿಲು ಇದ್ದರೆ ಅದರೊಳಗೆ ತಲೆ ಹಾಕಿದವರು ಯಾವ ಸೂಚನೆಯೂ ಇಲ್ಲದೆ ಕುಸಿಯಬಹುದು. ಆದ್ದರಿಂದ ಮನುಷ್ಯ ಇಳಿಯಬೇಕಾದಂಥ ಟ್ಯಾಂಕು ಕಟ್ಟಿಸಲೇಬೇಡಿ. ಕೈಯಲ್ಲಿ ಎತ್ತಿ ಹೊರಗೆ ತೆಗೆಯಬಹುದಾದ ಟ್ರೇ ಮಾಡಿಸಿ.

ಹಳೆಯ ಇದ್ದಿಲನ್ನು ಗಿಡದ ಬುಡಕ್ಕೆ ಸುರಿಯಬೇಡಿ, ಮಣ್ಣಿಗೆ ಬೆರೆಸುವ ಬಯೋಚಾರ್ ಇದ್ದಿಲಿನ ಥರ ಒಳ್ಳೆಯದು ಅಂತ ಯಾರು ಹೇಳಿದರೂ ಕೇಳಬೇಡಿ. ಅದರೊಳಗೆ ಔಷಧಿಯ ಆವಿಯೂ ಕೂತಿರಬಹುದು. ಒಲೆಗೆ ಹಾಕಿದರೆ ಅದೆಲ್ಲ ಅಡುಗೆಮನೆಯ ಗಾಳಿಗೆ ಬರುತ್ತದೆ. ದಪ್ಪ ಚೀಲದಲ್ಲಿ ಕಟ್ಟಿ, ಯಾವ ಕೋಣೆಯದ್ದು, ಯಾವ ತಾರೀಕಿನದ್ದು ಅಂತ ಬರೆದು, ಮಕ್ಕಳಿಗೆ ಸಿಗದ ಒಣ ಜಾಗದಲ್ಲಿಡಿ. ಖರೀದಿ ಮಾಡುವಾಗಲೇ ಹಳೆಯದನ್ನು ವಾಪಸ್ ತಗೊಳ್ಳುತ್ತೀರಾ ಅಂತ ಮಾರುವವರನ್ನು ಕೇಳಿ ಬಿಲ್ ಮೇಲೆ ಬರೆಸಿಕೊಳ್ಳಿ. ಅವರು ಒಪ್ಪದಿದ್ದರೆ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳಲು ಪರವಾನಗಿ ಇರುವವರಿಗೇ ಕೊಡಬೇಕು.